ಊಜಿ ನೊಣ ಒಬ್ಬರ ತೋಟದ ಸಮಸ್ಯೆ ಅಲ್ಲ

2024ರ ಜನವರಿ ಕೊನೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ರೆಡ್‌ಲ್ಯಾಂಡ್ಸ್ ಅನ್ನುವ ಊರಲ್ಲಿ ಸರ್ಕಾರದ ಕೆಲಸಗಾರರು ಮನೆ ಮನೆಗೆ ಹೋಗಿ ಹಿತ್ತಲಿನ ಮರಗಳ ಹಣ್ಣು ಕೀಳತೊಡಗಿದರು. ಎರಡು ಸಾವಿರಕ್ಕೂ ಹೆಚ್ಚು ಮನೆಗಳು. ಹುಳ ಬಿದ್ದ ಹಣ್ಣು, ಚೆನ್ನಾಗಿರುವ ಹಣ್ಣು ಅಂತ ಭೇದ ಮಾಡಲಿಲ್ಲ. ಮರ ಬರಿದು ಮಾಡಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಹೋದರು. ರೆಡ್‌ಲ್ಯಾಂಡ್ಸ್ ಅಂದರೆ ಹತ್ತೊಂಬತ್ತನೇ ಶತಮಾನದಿಂದಲೂ ಕಿತ್ತಳೆಗೇ ಹೆಸರಾದ ಊರು. ಅಂಥ ಕಡೆ ಜನ ತಮ್ಮ ಹಿತ್ತಲಿನ ಫಸಲನ್ನು ಸುಮ್ನೆ ಒಪ್ಪಿಸಿದರು ಅಂದರೆ ಕಾರಣ ದೊಡ್ಡದೇ ಇರಬೇಕು ಅಲ್ವಾ? ಕಾರಣ ಸುಮಾರು ಎಂಟು ಮಿಲಿಮೀಟರ್ ಉದ್ದದ ಒಂದು ನೊಣ.

ಆ ನೊಣ ನಮಗೇನೂ ಹೊಸದಲ್ಲ. ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್ ಅನ್ನುವುದು ಅದರ ವಿಜ್ಞಾನದ ಹೆಸರು. ಹೊರ ದೇಶದವರು ಓರಿಯೆಂಟಲ್ ಫ್ರೂಟ್ ಫ್ಲೈ ಅನ್ನುತ್ತಾರೆ. ಕೋಲಾರ, ಶ್ರೀನಿವಾಸಪುರದ ಕಡೆ ಮಾವಿನ ರೈತರು 'ಊಜಿ' ಅನ್ನುತ್ತಾರೆ. (ರೇಷ್ಮೆ ಹುಳಕ್ಕೆ ಬೀಳುವ ಊಜಿ ಬೇರೆಯೇ ಜಾತಿ. ಅದು 1980ರಲ್ಲಿ ಪಶ್ಚಿಮ ಬಂಗಾಳದಿಂದ ಗೂಡಿನ ಜೊತೆ ಬಂದು ಇಲ್ಲಿ ತಳವೂರಿದ್ದು.) ಅಡುಗೆಮನೆಯಲ್ಲಿ ಕಳಿತ ಬಾಳೆಹಣ್ಣಿನ ಸುತ್ತ ಗುಂಯ್ ಅನ್ನುವ ಸಣ್ಣ ನೊಣವೂ ಇದಲ್ಲ. ಅದು ಕೊಳೆತದ್ದಕ್ಕೆ ಬರುತ್ತದೆ, ಇದು ಚೆನ್ನಾಗಿರುವ ಹಣ್ಣನ್ನೇ ಕೊಳೆಸುತ್ತದೆ.

ನಮ್ಮ ಕಡೆ ಈ ನೊಣ ಅಂದರೆ ಪ್ರತಿ ವರ್ಷದ ಕಿರಿಕಿರಿ. ಮಳೆ ಬಿತ್ತು, ಊಜಿ ಬಂತು, ಏನು ಮಾಡೋದು ಅನ್ನುವ ಮಾತು. ಹೊರಗಿನ ದೇಶಗಳಿಗೆ ಇದು ಗಡಿ ದಾಟಿ ಬರುವ ಶತ್ರು. ಒಂದೇ ನೊಣದ ಬಗ್ಗೆ ಇಷ್ಟು ಬೇರೆ ಬೇರೆ ನಡವಳಿಕೆ ಯಾಕೆ, ಆ ದೇಶಗಳ ಹೋರಾಟದಿಂದ ನಮ್ಮ ಮಾವಿನ ತೋಟಗಳಿಗೆ ತಿಳಿಯಬೇಕಾದದ್ದು ಏನು ಅನ್ನುವುದು ಇಲ್ಲಿನ ವಿಷಯ. ನನ್ನ ವಾದ ಇಷ್ಟೇ: ಈ ನೊಣವನ್ನು ಎಲ್ಲೇ ಗೆದ್ದಿದ್ದರೂ ಒಂದಿಡೀ ಪ್ರದೇಶವಾಗಿ ಗೆದ್ದಿದ್ದಾರೆ. ಒಬ್ಬೊಬ್ಬ ರೈತ ಒಬ್ಬೊಬ್ಬನಾಗಿ ಗೆದ್ದದ್ದಿಲ್ಲ. ನಾವು ಮಾತ್ರ ಇನ್ನೂ ಒಬ್ಬೊಬ್ಬ ರೈತನ ಕೈಗೆ ನೊಣ ಹಿಡಿಯುವ ಒಂದೊಂದು ಟ್ರ್ಯಾಪ್ ಕೊಟ್ಟು ಕಳಿಸುತ್ತಿದ್ದೇವೆ.

ಮೊದಲು ನೊಣ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಮಾವಿನಕಾಯಿ ಬಲಿತು ಬಣ್ಣ ತಿರುಗುವ ಹೊತ್ತಿಗೆ ಹೆಣ್ಣು ನೊಣ ಬಂದು ಕೂರುತ್ತದೆ. ಹೊಟ್ಟೆಯ ತುದಿಯಲ್ಲಿರುವ ಚೂಪಾದ ಕೊಳವೆಯನ್ನು ಸಿಪ್ಪೆಯೊಳಗೆ ಚುಚ್ಚಿ ಒಂದಿಷ್ಟು ಮೊಟ್ಟೆ ಇಡುತ್ತದೆ. ಹೊರಗೆ ಕಾಣುವುದು ಒಂದು ಸೂಜಿಮೊನೆಯಷ್ಟು ಗುರುತು, ಕೆಲವೊಮ್ಮೆ ಅದರ ಬಾಯಲ್ಲಿ ಒಣಗಿದ ಸೊನೆಯ ಒಂದು ಹನಿ. ಅಷ್ಟೇ. ಮಂಡಿಯಲ್ಲಿ ಕ್ರೇಟಿಗೆ ಹಾಕುವಾಗ ಎಂಥ ಅನುಭವಿಗೂ ಅದು ತಪ್ಪಿಹೋಗುತ್ತದೆ. ಒಂದೆರಡು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ವಾರ ಕಳೆದ ಮೇಲೆ ಹಣ್ಣು ಕೊಯ್ದರೆ ಸಿಪ್ಪೆ ಹೊಳೆಯುತ್ತಿರುತ್ತದೆ, ಓಟೆಯ ಸುತ್ತ ತಿರುಳು ಮಾತ್ರ ಕಂದು ಬಣ್ಣಕ್ಕೆ ತಿರುಗಿ ನೀರಾಗಿರುತ್ತದೆ, ಅದರಲ್ಲಿ ಬಿಳಿ ಹುಳಗಳು ಮಿಸುಕುತ್ತಿರುತ್ತವೆ. ತಟ್ಟೆಗೆ ಬಿದ್ದ ಹುಳ ಬಾಯಿ ಬಾಲ ಕೂಡಿಸಿ ಚಟ್ ಅಂತ ಚಿಮ್ಮುತ್ತದೆ. ಮನೆಯಲ್ಲಿ ಮಕ್ಕಳು ಒಮ್ಮೆ ಅದನ್ನು ನೋಡಿದರೆ ಆ ವರ್ಷ ಮತ್ತೆ ಮಾವು ಮುಟ್ಟುವುದಿಲ್ಲ.

ಹುಳ ಬಲಿತ ಮೇಲೆ ಹಣ್ಣಿನಿಂದ ಹೊರಬಿದ್ದು ಮಣ್ಣಿಗೆ ಇಳಿಯುತ್ತದೆ. ಮೇಲ್ಮಣ್ಣಿನಲ್ಲಿ ಕೆಲವು ಸೆಂಟಿಮೀಟರ್ ಆಳದಲ್ಲಿ ಕೋಶವಾಗಿ ಮಲಗುತ್ತದೆ. ಹತ್ತು ದಿನ ಆಚೆ ಈಚೆ ಹೊಸ ನೊಣವಾಗಿ ಎದ್ದು ಬರುತ್ತದೆ. ಬಿಸಿಲು, ತೇವ ಎರಡೂ ಇದ್ದರೆ ಒಂದು ತಲೆಮಾರು ಮುಗಿಯಲು ಹೆಚ್ಚುಕಮ್ಮಿ ಒಂದು ತಿಂಗಳು ಸಾಕು. ಒಂದು ಹೆಣ್ಣು ತನ್ನ ಆಯುಸ್ಸಿನಲ್ಲಿ ಸಾವಿರಕ್ಕೂ ಜಾಸ್ತಿ ಮೊಟ್ಟೆ ಇಡಬಲ್ಲದು. ಮಾವು ಮುಗಿದರೆ ಸೀಬೆ ಇದೆ, ಸೀಬೆ ಮುಗಿದರೆ ಸಪೋಟ, ಪಪ್ಪಾಯ, ನಿಂಬೆ ಜಾತಿ, ಬೇಲಿಯ ಕಾಡುಹಣ್ಣು. ಇದು ತಿನ್ನುವ ಹಣ್ಣು ತರಕಾರಿಗಳ ಪಟ್ಟಿ ಮುನ್ನೂರು ದಾಟುತ್ತದೆ. ಹಾಗಾಗಿ ಯಾವುದೋ ಒಂದು ಬೆಳೆ ಬಿಟ್ಟರೆ ನೊಣ ಹಸಿದು ಸಾಯುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಈಗ ಔಷಧಿ ಹೊಡೆಯುವವರ ಕಷ್ಟ ನೋಡಿ. ಮೊಟ್ಟೆ ಮತ್ತು ಹುಳ ಹಣ್ಣಿನೊಳಗೆ, ಕೋಶ ಮಣ್ಣಿನೊಳಗೆ. ಹೊರಗೆ ಸಿಗುವುದು ಹಾರಾಡುವ ನೊಣ ಮಾತ್ರ, ಅದೂ ಪಕ್ಕದ ತೋಟಕ್ಕೂ ನಿಮ್ಮ ತೋಟಕ್ಕೂ ವ್ಯತ್ಯಾಸ ಮಾಡದ ನೊಣ. ಮೇಲಾಗಿ ನೊಣ ಬರುವ ಹೊತ್ತು ಕೊಯ್ಲಿನ ಹೊತ್ತು. ಆಗ ವಿಷ ಹೊಡೆದರೆ ಅದರ ಅಂಶ ಹಣ್ಣಿನಲ್ಲೇ ಉಳಿಯುತ್ತದೆ. ಹುಳ ಇದ್ದರೂ ಹಣ್ಣು ವಾಪಸ್, ವಿಷ ಇದ್ದರೂ ಹಣ್ಣು ವಾಪಸ್.

ವಾಪಸ್ ಅನ್ನುವ ಈ ಮಾತೇ ಇಡೀ ಕಥೆಯ ಮುಖ್ಯ ಭಾಗ. ನೊಣ ತಿಂದು ಹಾಳುಮಾಡುವ ಹಣ್ಣಿಗಿಂತ, ನೊಣ ಇದೆ ಅನ್ನುವ ಕಾರಣಕ್ಕೆ ಮುಚ್ಚುವ ಮಾರುಕಟ್ಟೆಯ ನಷ್ಟ ದೊಡ್ಡದು. 2014ರ ಮೇ 1ರಿಂದ ಯುರೋಪಿಯನ್ ಒಕ್ಕೂಟ ಭಾರತದ ಮಾವನ್ನು ನಿಲ್ಲಿಸಿತು. ಜೊತೆಗೆ ಬದನೆ, ಹಾಗಲ, ಪಡವಲ, ಕೆಸವು ಕೂಡ. 2013ರಲ್ಲಿ ಭಾರತದಿಂದ ಹೋದ 207 ಸರಕುಗಳಲ್ಲಿ ಹಣ್ಣುನೊಣದಂಥ ಕೀಟ ಸಿಕ್ಕಿದ್ದವು ಅನ್ನುವುದು ಅವರು ಕೊಟ್ಟ ಕಾರಣ. ಭಾರತ ತಪಾಸಣೆ ಬಿಗಿ ಮಾಡಿದ ಮೇಲೆ 2015ರ ಜನವರಿಯಲ್ಲಿ ಮಾವಿನ ಮೇಲಿನ ನಿಷೇಧ ತೆಗೆದರು. ಒಂದು ಸುಗ್ಗಿ ಮಾತ್ರ ಹೋಯಿತು ಅನ್ನಬಹುದು. ಜಪಾನ್ ಮಾತ್ರ ಅಷ್ಟು ಬೇಗ ಬಾಗಿಲು ತೆಗೆಯಲಿಲ್ಲ. 1986ರಲ್ಲಿ ನಮ್ಮ ಮಾವಿಗೆ ಮುಚ್ಚಿದ ಬಾಗಿಲು ತೆರೆದದ್ದು 2006ರಲ್ಲಿ, ಅದೂ ಹಣ್ಣನ್ನು ಬಿಸಿ ಉಗಿಯಲ್ಲಿಟ್ಟು ಹುಳ ಸಾಯಿಸಿಯೇ ಕಳಿಸಬೇಕು ಅನ್ನುವ ಷರತ್ತಿನ ಮೇಲೆ.

ಜಪಾನಿನ ಹಟಕ್ಕೆ ಒಂದು ಹಿನ್ನೆಲೆ ಇದೆ. ಅದೇ 1986ರ ಹೊತ್ತಿಗೆ ಅವರು ತಮ್ಮ ದಕ್ಷಿಣದ ದ್ವೀಪಗಳಿಂದ ಇದೇ ಓರಿಯೆಂಟಲ್ ನೊಣವನ್ನು ಪೂರ್ತಿ ತೊಲಗಿಸಿ ಮುಗಿಸಿದ್ದರು. ಅದರ ಜೊತೆಗೆ ಓಕಿನಾವಾದಲ್ಲಿ ಸೌತೆ, ಹಾಗಲ ಜಾತಿಗೆ ಬೀಳುವ ಇನ್ನೊಂದು ನೊಣದ ಮೇಲೆ ಯುದ್ಧ ನಡೆಯುತ್ತಿತ್ತು. ಅದು 1970ರ ದಶಕದ ಆರಂಭದಲ್ಲಿ ಶುರುವಾಗಿ 1993ರಲ್ಲಿ ಮುಗಿಯಿತು. ಕಾರ್ಖಾನೆಯಲ್ಲಿ ನೊಣ ಸಾಕಿ, ಕೋಬಾಲ್ಟ್ ವಿಕಿರಣದಿಂದ ಅವುಗಳ ಸಂತಾನಶಕ್ತಿ ಕಳೆದು, ದ್ವೀಪದ ಮೇಲೆ ಬಿಟ್ಟರು. ಊರಿನ ಹೆಣ್ಣು ನೊಣಗಳು ಆ ಬರಡು ಗಂಡುಗಳ ಜೊತೆ ಕೂಡಿದರೆ ಮೊಟ್ಟೆ ಒಡೆಯುವುದಿಲ್ಲ. ಹೀಗೆ ಬಿಟ್ಟ ನೊಣಗಳ ಲೆಕ್ಕ 5,000 ಕೋಟಿಗೂ ಹೆಚ್ಚು. ಇಪ್ಪತ್ತು ವರ್ಷ ಇಷ್ಟು ಖರ್ಚು ಮಾಡಿದವರು ಹೊರಗಿನ ಒಂದು ಬುಟ್ಟಿ ಹಣ್ಣಿನಲ್ಲಿ ಅದೇ ಜಾತಿಯ ಹುಳ ಒಳಗೆ ಬರಲು ಬಿಡುತ್ತಾರಾ? ನಾನಾದರೂ ಬಿಡುತ್ತಿರಲಿಲ್ಲ.

ಆಫ್ರಿಕಾದ ಕಥೆ ಇದಕ್ಕಿಂತ ಕಹಿ. 2003ರಲ್ಲಿ ಕೀನ್ಯಾದ ಕರಾವಳಿಯಲ್ಲಿ ಗೊತ್ತಿಲ್ಲದ ಒಂದು ಹಣ್ಣುನೊಣ ಬಲೆಗೆ ಬಿತ್ತು. ಶ್ರೀಲಂಕಾದಲ್ಲೂ ಅಂಥದ್ದೇ ಇರುವುದು ಆಮೇಲೆ ತಿಳಿಯಿತು. ಭಾರತ ಉಪಖಂಡದ ಕಡೆಯಿಂದಲೇ ಹಣ್ಣಿನ ಜೊತೆ ದಾಟಿ ಬಂದಿರಬೇಕು ಅನ್ನುವುದು ಈಗ ಹೆಚ್ಚಿನವರು ಒಪ್ಪುವ ಮಾತು. 2005ರಲ್ಲಿ ಅದನ್ನು ಹೊಸ ಜಾತಿ ಅಂದುಕೊಂಡು ಬ್ಯಾಕ್ಟ್ರೋಸೆರಾ ಇನ್ವೇಡೆನ್ಸ್ ಅಂತ ಹೆಸರಿಟ್ಟರು. ಹತ್ತು ವರ್ಷ ಸಂಶೋಧನೆ ನಡೆದ ಮೇಲೆ ಗೊತ್ತಾಯಿತು, ಇದು ಹೊಸದೂ ಅಲ್ಲ ಎಂಥದೂ ಅಲ್ಲ, ನಮ್ಮ ಹಳೆಯ ಡಾರ್ಸಾಲಿಸ್ಸೇ. ಅಷ್ಟರಲ್ಲಿ ಅದು ಖಂಡದ ಆ ತುದಿ ಈ ತುದಿ ಮುಟ್ಟಿತ್ತು. 2013ರಲ್ಲಿ ದಕ್ಷಿಣ ಆಫ್ರಿಕಾ ಕೂಡ ತನ್ನ ಉತ್ತರದ ಲಿಂಪೊಪೊ ಭಾಗದಲ್ಲಿ ನೊಣ ನೆಲೆಸಿದೆ ಅಂತ ಒಪ್ಪಿಕೊಳ್ಳಬೇಕಾಯಿತು.

ಆಫ್ರಿಕಾದಲ್ಲಿ ಮೊದಲೇ ಹಣ್ಣುನೊಣ ಇರಲಿಲ್ಲ ಅಂತಲ್ಲ. ಮಾವಿಗೆ ಬೀಳುವ ಅವರದೇ ಸ್ಥಳೀಯ ಜಾತಿಗಳಿದ್ದವು. ಏಷ್ಯಾದ ನೊಣ ಬಂದು ಎಷ್ಟೋ ಕಡೆ ಆ ಸ್ಥಳೀಯ ನೊಣವನ್ನೇ ಮಾವಿನ ಹಣ್ಣಿನಿಂದ ಹೊರದಬ್ಬಿತು. ಬೇಗ ಬೆಳೆಯುತ್ತದೆ, ಹೆಚ್ಚು ಮೊಟ್ಟೆ ಇಡುತ್ತದೆ, ಒಂದೇ ಹಣ್ಣಿನಲ್ಲಿ ಎರಡೂ ಜಾತಿಯ ಹುಳ ಇದ್ದರೆ ಇದರದೇ ಮೇಲುಗೈ. ಕೈಯಲ್ಲಿ ಒಂದೆರಡು ಎಕರೆ, ಮನೆ ಸುತ್ತ ಹತ್ತಿಪ್ಪತ್ತು ಮರ ಇರುವ ರೈತರಿಗೆ ಅರ್ಧ ಫಸಲು ನೆಲಕ್ಕೆ ಬಿದ್ದದ್ದೂ ಇದೆ. ಯುರೋಪಿಗೆ ಹೋದ ಹಣ್ಣಿನಲ್ಲಿ ಹುಳ ಸಿಗತೊಡಗಿದಾಗ ಕೀನ್ಯಾ ಇನ್ನೊಬ್ಬರು ನಿಷೇಧಿಸುವ ತನಕ ಕಾಯಲಿಲ್ಲ. 2014ರಲ್ಲಿ ತಾನೇ ಮಾವು ಕಳಿಸುವುದನ್ನು ನಿಲ್ಲಿಸಿತು. ಮತ್ತೆ ಶುರುವಾದದ್ದು 2021ರಲ್ಲಿ.

ಆ ಏಳು ವರ್ಷದಲ್ಲಿ ಏನಾಯಿತು ಅನ್ನುವುದು ನಮಗೆ ಕೆಲಸಕ್ಕೆ ಬರುವ ಭಾಗ. ಕೀನ್ಯಾ ಇಡೀ ದೇಶದಿಂದ ನೊಣ ಓಡಿಸಲು ಹೋಗಲಿಲ್ಲ, ಅದು ಆಗದ ಮಾತು. ಮಾಕುಯೆನಿಯಂಥ ಒಣ ಪ್ರದೇಶದ ಮಾವಿನ ಸೀಮೆ ಹಿಡಿದು, ಆ ಸೀಮೆಯೊಳಗೆ ಎಲ್ಲರೂ ಒಟ್ಟಿಗೆ ಟ್ರ್ಯಾಪ್ ಕಟ್ಟುವುದು, ಬಿದ್ದ ಹಣ್ಣು ಹೆಕ್ಕಿ ನಾಶ ಮಾಡುವುದು, ಎಷ್ಟು ನೊಣ ಬಿತ್ತು ಅಂತ ಲೆಕ್ಕ ಇಡುವುದು ಮಾಡಿದರು. ನೊಣದ ಸಂಖ್ಯೆ ಇಷ್ಟಕ್ಕಿಂತ ಕಡಿಮೆ ಇದೆ ಅಂತ ದಾಖಲೆ ತೋರಿಸಬಲ್ಲ ಸೀಮೆ ಕಟ್ಟಿ, ಅಲ್ಲಿಂದ ಹಣ್ಣು ಕಳಿಸಿದರು. ನೈರೋಬಿಯಲ್ಲಿರುವ ಐಸಿಪ್ ಅನ್ನುವ ಕೀಟ ಸಂಶೋಧನಾ ಸಂಸ್ಥೆ ಇದರಲ್ಲಿ ವರ್ಷಗಟ್ಟಲೆ ದುಡಿದಿದೆ. ಬಿಯರ್ ತಯಾರಿಕೆಯಲ್ಲಿ ಉಳಿಯುವ ಈಸ್ಟ್ ಗಸಿಯಿಂದ ಹೆಣ್ಣು ನೊಣಗಳಿಗೆ ಆಮಿಷ ತಯಾರಿಸಿದ್ದು ಅಲ್ಲಿ. ಇನ್ನೊಂದು ಉಪಾಯ ನನಗೆ ಬಹಳ ಹಿಡಿಸಿದ್ದು. ಬಿದ್ದ ಹಣ್ಣನ್ನು ಒಂದು ಡೇರೆಯೊಳಗೆ ಸುರಿಯುತ್ತಾರೆ. ಡೇರೆಯ ಮೇಲೆ ಒಂದು ಜಾಲರಿ ಕಿಟಕಿ. ಅದರ ಕಣ್ಣು ಎಷ್ಟು ಸಣ್ಣದು ಅಂದರೆ ಹುಟ್ಟಿ ಬರುವ ನೊಣ ಹೊರಗೆ ಹೋಗಲಾರದು, ಆದರೆ ನೊಣದ ಹುಳವನ್ನು ತಿಂದು ಬೆಳೆದ ಸಣ್ಣ ಪರಾವಲಂಬಿ ಕಣಜಗಳು ಹಾರಿಹೋಗಬಹುದು. ಶತ್ರು ಒಳಗೆ ಸಾಯುತ್ತದೆ, ಮಿತ್ರ ತೋಟಕ್ಕೆ ವಾಪಸ್ ಹೋಗುತ್ತದೆ. ಹವಾಯಿಯಲ್ಲಿ ಹುಟ್ಟಿದ ಉಪಾಯ ಇದು. ಬಟ್ಟೆ ಮತ್ತು ಜಾಲರಿ ಸಾಕು, ಯಾವ ದೊಡ್ಡ ತಂತ್ರಜ್ಞಾನವೂ ಬೇಡ.

ಹವಾಯಿಗೆ ಈ ನೊಣ ಬಂದದ್ದು ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ. ಅಲ್ಲಿಂದ ಇವತ್ತಿಗೂ ಹೋಗಿಲ್ಲ.

ಕ್ಯಾಲಿಫೋರ್ನಿಯಾಗೆ ಬರೋಣ. 2023ರಲ್ಲಿ ಅಲ್ಲಿ ಒಂದಲ್ಲ, ನಾಲ್ಕು ಬಗೆಯ ಹೊರಗಿನ ಹಣ್ಣುನೊಣ ಸಿಕ್ಕವು. ಓರಿಯೆಂಟಲ್, ಮೆಡಿಟರೇನಿಯನ್, ಕ್ವೀನ್ಸ್‌ಲ್ಯಾಂಡ್, ಟಾವ್. ಕೊನೆಯ ಎರಡರ ಹಾವಳಿಯನ್ನು ಅಮೆರಿಕ ಖಂಡ ನೋಡಿದ್ದೇ ಮೊದಲ ಸಲ. ಹೇಗೆ ಬಂದವು? ಪ್ರಯಾಣಿಕರ ಸೂಟ್‌ಕೇಸಿನಲ್ಲಿ, ಪಾರ್ಸೆಲಿನಲ್ಲಿ ಹೇಳದೆ ಕೇಳದೆ ಬಂದ ಹಣ್ಣಿನ ಮೂಲಕ ಅನ್ನುವುದು ಅಧಿಕಾರಿಗಳ ಮಾತು. ಇಲ್ಲಿ ನಮ್ಮವರಿಗೂ ಒಂದು ಮಾತು ಹೇಳಲೇಬೇಕು. ಮಗಳ ಮನೆಗೆ ಹೋಗುವ ಅಪ್ಪ ಅಮ್ಮ ಬಾದಾಮಿ ಹಣ್ಣು, ರಸಪುರಿ, ಮನೆ ಮರದ ಸೀಬೆ ಬಟ್ಟೆ ನಡುವೆ ಸುತ್ತಿ ಒಯ್ಯುವುದುಂಟು. ಪ್ರೀತಿಯಿಂದಲೇ ಒಯ್ಯುತ್ತಾರೆ. ಆದರೆ ಅಂಥ ಹಣ್ಣಿನಲ್ಲಿ ನಾಲ್ಕು ಹುಳ ಇದ್ದು, ತಿನ್ನಲು ಆಗದೆ ಹಿತ್ತಲಿನ ಗೊಬ್ಬರದ ಗುಂಡಿಗೆ ಎಸೆದರೆ ಸಾಕು. ನ್ಯೂಜಿಲೆಂಡ್ ವಿಮಾನ ನಿಲ್ದಾಣದಲ್ಲಿ ಹೇಳದೆ ಒಂದು ಹಣ್ಣು ತಂದರೆ ಸ್ಥಳದಲ್ಲೇ ಅಲ್ಲಿನ 400 ಡಾಲರ್ ದಂಡ. ಒಂದು ಸೇಬಿಗೆ ಇಷ್ಟಾ ಅಂತ ಬೈದುಕೊಳ್ಳುವವರು 2025ರ ಜನವರಿ ನೆನಪಿಸಿಕೊಳ್ಳಲಿ. ಆಕ್ಲೆಂಡಿನ ಪಾಪಟೋಟೋ ಬಡಾವಣೆಯ ಒಂದು ಟ್ರ್ಯಾಪಿಗೆ ಒಂದು ಓರಿಯೆಂಟಲ್ ಗಂಡು ನೊಣ ಬಿತ್ತು. ಒಂದೇ ಒಂದು. ಅಷ್ಟಕ್ಕೆ ಸುತ್ತಲಿನ ಮನೆಗಳವರು ಹಿತ್ತಲ ಹಣ್ಣನ್ನು ಆ ಪ್ರದೇಶದಿಂದ ಹೊರಗೆ ಒಯ್ಯುವಂತಿಲ್ಲ ಅಂತ ಆಯಿತು. (ಕರಿಬೇವು ಯಾಕೆ ಬಿಡುವುದಿಲ್ಲ ಅಂತ ಕೇಳುವವರಿಗೆ: ಅದು ಬೇರೆ ಕೀಟದ ಕಥೆ, ನಿಂಬೆ ಕಿತ್ತಳೆ ಮರಗಳನ್ನು ಕೊಲ್ಲುವ ರೋಗ ಹರಡುವ ಜಿಗಿಹುಳದ್ದು.)

ಕ್ಯಾಲಿಫೋರ್ನಿಯಾ 2024ರ ಆಗಸ್ಟಿನಲ್ಲಿ ನೊಣ ತೊಲಗಿತು ಅಂತ ಘೋಷಿಸಿತು. ಆಮೇಲೂ ಹೊಸ ಹೊಸ ಜಾಗಗಳಲ್ಲಿ ಸಿಗುತ್ತಲೇ ಇವೆ. ಇಲ್ಲೊಂದು ಹಳೆಯ ಜಗಳ ಇದೆ. ಪ್ರತಿ ಸಲ ಹೊರಗಿನಿಂದ ಹೊಸದಾಗಿ ಬರುತ್ತದೆ, ನಾವು ಪ್ರತಿ ಸಲ ಓಡಿಸುತ್ತೇವೆ ಅನ್ನುವುದು ಸರ್ಕಾರದ ನಿಲುವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಕೀಟಶಾಸ್ತ್ರಜ್ಞ ಜೇಮ್ಸ್ ಕ್ಯಾರಿ ಇದನ್ನು ಒಪ್ಪುವುದಿಲ್ಲ. ನೊಣಗಳು ಬಹಳ ಕಡಿಮೆ ಸಂಖ್ಯೆಯಲ್ಲಿ, ಟ್ರ್ಯಾಪಿಗೆ ಸಿಗದಷ್ಟು ಕಡಿಮೆಯಾಗಿ, ಅಲ್ಲೇ ಉಳಿದುಬಿಟ್ಟಿವೆ ಅಂತ ಅವರು 2013ರಲ್ಲಿ ಸಹೋದ್ಯೋಗಿಗಳ ಜೊತೆ ಬರೆದರು. ಇದು ಬರೀ ವಿದ್ವಾಂಸರ ತಕರಾರಲ್ಲ. ಕ್ಯಾರಿ ಹೇಳಿದ್ದು ಸರಿ ಅಂತಾದರೆ ಕ್ಯಾಲಿಫೋರ್ನಿಯಾ ನೊಣವಿಲ್ಲದ ರಾಜ್ಯ ಅನ್ನುವ ಪಟ್ಟ ಕಳೆದುಕೊಳ್ಳುತ್ತದೆ, ಅದರ ಹಣ್ಣು ಕೊಳ್ಳುವ ದೇಶಗಳು ನಮ್ಮ ಮಾವಿಗೆ ಹಾಕಿದ ಷರತ್ತನ್ನೇ ಅವರ ಕಿತ್ತಳೆಗೂ ಹಾಕುತ್ತವೆ. ಇಷ್ಟು ಹಣ ಪಣಕ್ಕಿರುವಾಗ ಪ್ರಶ್ನೆ ಬರೀ ವಿಜ್ಞಾನದ್ದಾಗಿ ಉಳಿಯುವುದು ಕಷ್ಟ.

ಇದರಲ್ಲಿ ರಾಜಕೀಯ ಬೆರೆಯುವುದೂ ಹಳೆಯದೇ. 1981ರಲ್ಲಿ ಅದೇ ರಾಜ್ಯದಲ್ಲಿ ಮೆಡಿಟರೇನಿಯನ್ ನೊಣ ಹರಡಿದಾಗ ಗವರ್ನರ್ ಜೆರ್ರಿ ಬ್ರೌನ್ ಊರುಗಳ ಮೇಲೆ ಹೆಲಿಕಾಪ್ಟರಿನಿಂದ ಮೆಲಾಥಿಯಾನ್ ಅನ್ನುವ ಕೀಟನಾಶಕ ಹೊಡೆಸಲು ಮೊದಲು ಹಿಂದೇಟು ಹಾಕಿ, ಆಮೇಲೆ ಒತ್ತಡಕ್ಕೆ ಮಣಿದರು. ಜನ ಹೆದರಿದರು. ಭಯ ಬಿಡಿಸಲು ಬಿ.ಟಿ. ಕಾಲಿನ್ಸ್ ಅನ್ನುವ ಅಧಿಕಾರಿ ನೀರು ಬೆರೆಸಿದ ಮೆಲಾಥಿಯಾನನ್ನು ಎಲ್ಲರೆದುರು ಒಂದು ಲೋಟ ಕುಡಿದುಬಿಟ್ಟರು! ಅವರಿಗೆ ಏನೂ ಆಗಲಿಲ್ಲ. ಯಾರೂ ಅನುಸರಿಸಬೇಡಿ.

ಅದೇ ಮೆಲಾಥಿಯಾನ್ ನಮ್ಮ ಮಾವಿನ ತೋಟದ ಟ್ರ್ಯಾಪಿನಲ್ಲೂ ಇದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹೇಳಿಕೊಟ್ಟ ಟ್ರ್ಯಾಪ್ ಬಹಳ ಸರಳ. ಸಣ್ಣ ಪ್ಲೈವುಡ್ ತುಂಡನ್ನು ಆಲ್ಕೋಹಾಲ್, ಮಿಥೈಲ್ ಯೂಜಿನಾಲ್, ಮೆಲಾಥಿಯಾನ್ 6:4:1ರ ಪ್ರಮಾಣದಲ್ಲಿ ಬೆರೆಸಿದ ದ್ರಾವಣದಲ್ಲಿ ನೆನೆಸಿ, ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ತೂಗುಹಾಕಿ ಮರಕ್ಕೆ ಕಟ್ಟುವುದು. ಮಿಥೈಲ್ ಯೂಜಿನಾಲ್ ನಮ್ಮ ತುಳಸಿಯಲ್ಲೂ ಇರುವ ವಸ್ತು. ಗಂಡು ನೊಣಕ್ಕೆ ಅದರ ಮೇಲೆ ಹುಚ್ಚು. ಈ ಹುಚ್ಚನ್ನು ಮೊದಲು ಕಂಡುಹಿಡಿದದ್ದು ಭಾರತದಲ್ಲೇ. ಬಿಹಾರದ ಪೂಸಾದಲ್ಲಿದ್ದ ಎಫ್.ಎಂ. ಹೌಲೆಟ್ ಅನ್ನುವ ಬ್ರಿಟಿಷ್ ಕೀಟಶಾಸ್ತ್ರಜ್ಞ, ಸೊಳ್ಳೆ ಓಡಿಸಲೆಂದು ಬಳಸುವ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣುನೊಣಗಳು ಮುತ್ತಿಕೊಳ್ಳುವುದನ್ನು 1912ರಲ್ಲಿ ವರದಿ ಮಾಡಿದರು. ಬಂದವು ಎಲ್ಲಾ ಗಂಡು. ಕೆಲವೇ ವರ್ಷದಲ್ಲಿ ಆ ಎಣ್ಣೆಯಲ್ಲಿ ಅವನ್ನು ಸೆಳೆಯುವುದು ಮಿಥೈಲ್ ಯೂಜಿನಾಲ್ ಅಂತ ಪತ್ತೆ ಮಾಡಿದರು. ಅರ್ಧ ಶತಮಾನ ಕಳೆದು, 1960ರ ದಶಕದಲ್ಲಿ, ಅಮೆರಿಕದವರು ಪೆಸಿಫಿಕ್ ಸಾಗರದ ರೋಟಾ ಅನ್ನುವ ಪುಟ್ಟ ದ್ವೀಪದ ಮೇಲೆ ಇದೇ ವಸ್ತು ಮತ್ತು ವಿಷದಲ್ಲಿ ನೆನೆಸಿದ ಚೂರುಗಳನ್ನು ವಿಮಾನದಿಂದ ಉದುರಿಸಿದರು. ಗಂಡೆಲ್ಲ ಸತ್ತವು, ಹೆಣ್ಣುಗಳಿಗೆ ಜೋಡಿ ಇಲ್ಲ, ನೊಣವೇ ನಿರ್ನಾಮವಾಯಿತು.

ಹಾಗಾದರೆ ರೋಟಾದಲ್ಲಿ ಆದದ್ದು ಶ್ರೀನಿವಾಸಪುರದಲ್ಲಿ ಯಾಕೆ ಆಗುವುದಿಲ್ಲ? ರೋಟಾ ದ್ವೀಪ. ಸುತ್ತ ನೀರು. ಅಲ್ಲಿ ಎಲ್ಲಾ ಮೂಲೆಗೂ ಒಟ್ಟಿಗೆ ಚೂರು ಬಿತ್ತು. ನಮ್ಮಲ್ಲಿ ನಾಲ್ಕು ಎಕರೆಯವರು ಟ್ರ್ಯಾಪ್ ಕಟ್ಟುತ್ತಾರೆ, ಪಕ್ಕದವರು ಕಟ್ಟುವುದಿಲ್ಲ, ಅದರಾಚೆಯವರು ಬೆಂಗಳೂರಿನಲ್ಲಿದ್ದಾರೆ. ಬೀದಿಯಲ್ಲಿ ಒಂದೇ ಮನೆಯವರು ಬಾಗಿಲು ತೆರೆದಿಟ್ಟು ಸೊಳ್ಳೆ ಬತ್ತಿ ಹಚ್ಚಿದ ಹಾಗೆ. ಒಂದು ಗಂಡು ನೊಣ ಎಷ್ಟೋ ಹೆಣ್ಣುಗಳ ಜೊತೆ ಕೂಡಬಲ್ಲದು. ಹಾಗಾಗಿ ಗಂಡುಗಳಲ್ಲಿ ಮುಕ್ಕಾಲು ಭಾಗ ಸತ್ತರೂ ಮೊಟ್ಟೆಗೆ ಕಡಿಮೆ ಇಲ್ಲ. ಸತ್ತರೂ ಏನು, ಆಗಲೇ ಕೂಡಿಯಾದ ಹೆಣ್ಣು ಪಕ್ಕದ ತೋಟದಿಂದ ಹಾರಿ ಬರುತ್ತದೆ. ಆಕೆಗೆ ನಿಮ್ಮ ಟ್ರ್ಯಾಪಿನ ವಾಸನೆಯ ಮೇಲೆ ಆಸೆಯೇ ಇಲ್ಲ, ನಿಮ್ಮ ಹಣ್ಣಿನ ಮೇಲೆ ಮಾತ್ರ.

ಇದರಿಂದ ಒಂದು ಮೋಸವೂ ಆಗುತ್ತದೆ. ಡಬ್ಬಿ ತೆಗೆದು ನೋಡಿದರೆ ತಳದಲ್ಲಿ ಹಳದಿ ಪಟ್ಟೆಯ ನೊಣಗಳ ರಾಶಿ, ಒಣಗಿ ರೆಕ್ಕೆ ಪುಡಿಯಾಗಿ ಒಂದು ಹಿಡಿ ಆಗುವಷ್ಟು. ರೈತನಿಗೆ ಸಮಾಧಾನ: ಇಷ್ಟು ಸತ್ತವಲ್ಲ! ಆಮೇಲೆ ಕೊಯ್ಲಿನಲ್ಲಿ ಹುಳ ಕಂಡಾಗ ಟ್ರ್ಯಾಪೇ ಸುಳ್ಳು ಅನ್ನುತ್ತಾನೆ. ಟ್ರ್ಯಾಪ್ ಸುಳ್ಳಲ್ಲ. ಸಾಮಾನ್ಯವಾಗಿ ಕಟ್ಟಿದ್ದು ತಡವಾಗಿರುತ್ತದೆ. ಕಾಯಿ ಬಲಿಯುವ ಮುಂಚೆ, ಕೊಯ್ಲಿಗೆ ಒಂದೂವರೆ ಎರಡು ತಿಂಗಳು ಇರುವಾಗಲೇ ಕಟ್ಟಿದರೆ ಪ್ರಯೋಜನ. ಹಣ್ಣು ಬಿದ್ದು ಹುಳ ಕಂಡ ಮೇಲೆ ಅಂಗಡಿಗೆ ಓಡಿ ತಂದು ಕಟ್ಟಿದರೆ ಅದು ನೊಣ ಎಷ್ಟಿದೆ ಅಂತ ಹೇಳುವ ಮೀಟರ್ ಅಷ್ಟೇ. ಇನ್ನೊಂದು ಎಡವಟ್ಟು: ಮಾವಿನ ಟ್ರ್ಯಾಪನ್ನೇ ಹಾಗಲ, ಹೀರೆ ಚಪ್ಪರಕ್ಕೂ ಕಟ್ಟುವವರಿದ್ದಾರೆ. ಬಳ್ಳಿ ತರಕಾರಿಗೆ ಬೀಳುವುದು ಬೇರೆ ನೊಣ. ಅದಕ್ಕೆ ಮಿಥೈಲ್ ಯೂಜಿನಾಲ್ ನಡೆಯುವುದಿಲ್ಲ, ಕ್ಯೂಲೂರ್ ಅನ್ನುವ ಬೇರೆ ವಾಸನೆ ಬೇಕು. ಅಂಗಡಿಯವನೂ ಒಮ್ಮೊಮ್ಮೆ ಇದನ್ನು ಹೇಳುವುದಿಲ್ಲ.

ಟ್ರ್ಯಾಪಿಗಿಂತ ದೊಡ್ಡ ವಿಷಯ ಬಿದ್ದ ಹಣ್ಣು. ಮರದಡಿ ಬಿದ್ದ ಒಂದೊಂದು ಹುಳಹಣ್ಣೂ ಮುಂದಿನ ತಿಂಗಳ ನೊಣಗಳ ತವರು. ಅದನ್ನು ದಿನಾ ಹೆಕ್ಕಿ ಆಳದ ಗುಂಡಿಗೆ ಹಾಕಿ ಮುಚ್ಚಬೇಕು ಅಥವಾ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗೆ ಬಿಡಬೇಕು. ಖರ್ಚಿಲ್ಲದ ಕೆಲಸ ಅಂತ ಭಾಷಣದಲ್ಲಿ ಹೇಳುತ್ತಾರೆ. ಖರ್ಚಿದೆ. ಕೂಲಿ ಇದೆ. ಸುಗ್ಗಿಯಲ್ಲಿ ಹಣ್ಣು ಕೀಳಲೇ ಆಳು ಸಿಗುವುದಿಲ್ಲ, ಹಾಳಾದ ಹಣ್ಣು ಹೆಕ್ಕಲು ಯಾರು ಸಿಗುತ್ತಾರೆ?

ಇನ್ನೂ ಒಂದು ಗಂಟು ಇದೆ, ಅದನ್ನು ಯಾವ ಕೈಪಿಡಿಯೂ ಸರಿಯಾಗಿ ಮುಟ್ಟುವುದಿಲ್ಲ. ನಮ್ಮ ಮಾವಿನ ತೋಟಗಳಲ್ಲಿ ಬಹಳಷ್ಟು ಫಸಲು ಹೂ ಬಿಟ್ಟಾಗಲೋ ಕಾಯಿ ಕಚ್ಚಿದಾಗಲೋ ಗುತ್ತಿಗೆಗೆ ಹೋಗಿರುತ್ತದೆ. ಗುತ್ತಿಗೆದಾರನಿಗೆ ಬೇಕಾದದ್ದು ಈ ವರ್ಷದ ಹಣ್ಣು. ಮುಂದಿನ ವರ್ಷ ಅವನು ಇನ್ನೆಲ್ಲೋ ತೋಟ ಹಿಡಿದಿರುತ್ತಾನೆ. ಬಿದ್ದದ್ದನ್ನು ಹೆಕ್ಕಿ ಹೂಳಲು ಅವನಿಗೇನು ಕಾರಣ? ತೋಟದ ಯಜಮಾನ ದುಡ್ಡು ಎಣಿಸಿಕೊಂಡಾಗಿದೆ, ಅವನೂ ಆ ಕಡೆ ತಲೆ ಹಾಕುವುದಿಲ್ಲ. ಕೊನೆಯ ಕೊಯ್ಲು ಮುಗಿದು ಗುತ್ತಿಗೆದಾರನ ಗುಡಿಸಲು ಎದ್ದುಹೋದ ಮೇಲೆ, ಜೂನ್ ಜುಲೈ ಮಳೆಯಲ್ಲಿ, ಮರದಡಿ ಉಳಿದ ಹಣ್ಣು ಕೊಳೆಯುತ್ತಾ ಬಿದ್ದಿರುತ್ತದೆ. ರಾಮನಗರದ ಕಡೆ ಬೇಗ ಕೊಯ್ಲು ಮುಗಿಸುವವರು ಈ ನೊಣದಿಂದ ಸ್ವಲ್ಪ ಪಾರು. ಕೋಲಾರದ ಕಡೆ ಕೊಯ್ಲು ಮಳೆಯ ಹೊತ್ತಿಗೆ ಬೀಳುತ್ತದೆ. ಅದರಲ್ಲೂ ಮಲ್ಲಿಕಾ, ನೀಲಂ ತರಹ ತಡವಾಗಿ ಬರುವ ಹಣ್ಣಿಗೆ ಪೆಟ್ಟು ಜಾಸ್ತಿ. ಮೊದಲ ಹಣ್ಣಿನಲ್ಲಿ ಬೆಳೆದ ನೊಣ ಕೊನೆಯ ಹಣ್ಣಿಗೆ ಬೀಳುತ್ತದೆ.

ಕೊಯ್ಲಾದ ಮೇಲಿನ ದಾರಿಗಳೂ ಇವೆ. ಹಣ್ಣನ್ನು 48 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸಿಟ್ಟರೆ ಒಳಗಿನ ಮೊಟ್ಟೆ, ಹುಳ ಸಾಯುತ್ತವೆ. ಅಮೆರಿಕಕ್ಕೆ 2007ರಿಂದ ಹೋಗುತ್ತಿರುವ ಮಾವಿಗೆ 400 ಗ್ರೇ (ಗ್ರೇ ಅಂದರೆ ವಿಕಿರಣದ ಅಳತೆ) ವಿಕಿರಣ ಕೊಡುತ್ತಾರೆ. ಮಹಾರಾಷ್ಟ್ರದ ಲಾಸಲಗಾಂವ್‌ನಲ್ಲಿ ಶುರುವಾದದ್ದು, ಈಗ ನಮ್ಮ ಮಾಲೂರಿನಲ್ಲೂ ಅಂಥ ಘಟಕ ಇದೆ. ತಮಾಷೆ ಏನೆಂದರೆ ವಿಕಿರಣ ಹುಳವನ್ನು ಕೂಡಲೇ ಕೊಲ್ಲಬೇಕೆಂದೇನೂ ಇಲ್ಲ, ಅದು ನೊಣವಾಗಿ ಸಂತಾನ ಬೆಳೆಸದಂತೆ ಮಾಡಿದರೆ ಸಾಕು. ಇವೆಲ್ಲ ರಫ್ತು ಹಣ್ಣಿಗೆ ಸರಿ. ಆದರೆ ಭಾರತ ಬೆಳೆಯುವ ಮಾವಿನಲ್ಲಿ ತಾಜಾ ಹಣ್ಣಾಗಿ ಹೊರಗೆ ಹೋಗುವುದು ಬಹಳ ಸಣ್ಣ ಪಾಲು. ಉಳಿದದ್ದು ನಮ್ಮ ಮಂಡಿ, ನಮ್ಮ ರಸ್ತೆ ಬದಿ, ನಮ್ಮ ತಟ್ಟೆ. ಅಲ್ಲಿಗೆ ಬಿಸಿನೀರೂ ಇಲ್ಲ, ವಿಕಿರಣವೂ ಇಲ್ಲ.

ಯುರೋಪ್ ಈಗ ನಿಜವಾಗಿಯೂ ಹೆದರಿದೆ. 2018ರಲ್ಲಿ ಇಟಲಿಯ ನೇಪಲ್ಸ್ ಸುತ್ತಲಿನ ಕಂಪಾನಿಯಾ ಪ್ರಾಂತದಲ್ಲಿ ಈ ನೊಣ ಟ್ರ್ಯಾಪಿಗೆ ಬಿತ್ತು, 2019ರಲ್ಲಿ ಫ್ರಾನ್ಸಿನಲ್ಲಿ. ಚಳಿಗಾಲ ಕೊಲ್ಲುತ್ತದೆ ಅನ್ನುವ ಧೈರ್ಯ ಇತ್ತು. ಚಳಿಗಾಲಗಳು ಬೆಚ್ಚಗಾಗುತ್ತಿರುವಾಗ ಆ ಧೈರ್ಯ ಕರಗುತ್ತಿದೆ. 2019ರಲ್ಲಿ ಯುರೋಪಿಯನ್ ಒಕ್ಕೂಟ ಅತಿ ಅಪಾಯದ 20 ಕೀಟ, ರೋಗಗಳ ಪಟ್ಟಿ ಮಾಡಿದಾಗ ಇದನ್ನೂ, ನಮ್ಮ ಕಡೆಯದೇ ಇನ್ನೊಂದು ಜಾತಿಯಾದ ಬ್ಯಾಕ್ಟ್ರೋಸೆರಾ ಜೊನಾಟಾವನ್ನೂ ಸೇರಿಸಿತು. ಮುಂದೆ ಷರತ್ತುಗಳು ಸಡಿಲವಾಗುತ್ತವೆ ಅಂತ ನಮ್ಮ ರಫ್ತುದಾರರು ಕನಸು ಕಾಣುವುದು ಬೇಡ. ಒಂದೊಂದು ಸರಕನ್ನು ಪರೀಕ್ಷಿಸುವ ಕಾಲ ಹೋಗಿ, ನಿಮ್ಮ ಹಣ್ಣು ಯಾವ ಸೀಮೆಯದು, ಆ ಸೀಮೆಯ ನೊಣದ ಲೆಕ್ಕ ತೋರಿಸಿ ಅನ್ನುವ ಕಾಲ ಬರುತ್ತಿದೆ. ಕೀನ್ಯಾ ಅದಕ್ಕೆ ತಯಾರಾಯಿತು.

ಪಶ್ಚಿಮ ಆಫ್ರಿಕಾದ ಬೆನಿನ್‌ನಿಂದ ಇನ್ನೊಂದು ಸುದ್ದಿ, ಮಲೆನಾಡಿನವರಿಗೆ ಖುಷಿ ಕೊಡುವಂಥದ್ದು. ಅಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಇರುವೆಗಳಿರುವ ಮಾವಿನ ಮರಗಳಲ್ಲಿ ಹಣ್ಣುನೊಣದ ಹಾವಳಿ ಕಡಿಮೆ ಅಂತ ಕಂಡುಕೊಂಡರು. ಇರುವೆ ನೊಣವನ್ನು ಹಿಡಿಯುವುದಷ್ಟೇ ಅಲ್ಲ, ಇರುವೆ ಓಡಾಡಿದ ಹಣ್ಣಿನ ವಾಸನೆಗೇ ಹೆಣ್ಣು ನೊಣ ಮೊಟ್ಟೆ ಇಡಲು ಹಿಂಜರಿಯುತ್ತದೆ. ಅದರ ಹತ್ತಿರದ ನೆಂಟನೇ ನಮ್ಮ ಚಗಳಿ. ನಾವು ಅದನ್ನು ಚಟ್ನಿ ಮಾಡಿದ್ದೇವೆ, ತೋಟದಲ್ಲಿ ಕಂಡರೆ ಗೂಡಿಗೆ ಬೆಂಕಿ ಹಚ್ಚಿದ್ದೇವೆ. ಮರ ಹತ್ತುವ ಕೂಲಿಯವರಿಗೆ ಅದರ ಕಡಿತ ಹೇಳತೀರದು, ಅವರ ದೂರು ನ್ಯಾಯವಾದದ್ದೇ. ಚಗಳಿಯೊಂದೇ ನಮ್ಮ ಮಾವನ್ನು ಕಾಪಾಡುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಅದನ್ನು ಸುಡುವ ಮೊದಲು ಯೋಚಿಸಬಹುದು.

ಆಗಬೇಕಾದದ್ದು ಬಹಳ ಸಣ್ಣ ಸಂಗತಿಗಳಿಂದ ಶುರುವಾಗಬಹುದು. ಸಬ್ಸಿಡಿ ಟ್ರ್ಯಾಪನ್ನು ಅರ್ಜಿ ಹಾಕಿದ ರೈತನಿಗೆ ಕೊಡುವ ಬದಲು ಇಡೀ ಗ್ರಾಮಕ್ಕೆ ಕೊಟ್ಟು, ಕಾಯಿ ನಿಂಬೆ ಗಾತ್ರ ದಾಟುತ್ತಿದ್ದ ಹಾಗೆ ಒಂದೇ ವಾರದಲ್ಲಿ ಎಲ್ಲಾ ತೋಟಗಳಿಗೂ ಕಟ್ಟಿಸಬೇಕು. ಬೆಂಗಳೂರಿನಲ್ಲಿರುವ ಯಜಮಾನರ ತೋಟಕ್ಕೂ ಕಟ್ಟಬೇಕು, ಅವರು ಕೇಳಲಿ ಬಿಡಲಿ. ಬಿದ್ದ ಹಣ್ಣು ಹೆಕ್ಕುವ ಕೂಲಿಗೆ ಪಂಚಾಯಿತಿ ಮಟ್ಟದಲ್ಲಿ ದುಡ್ಡು ಹುಡುಕಬೇಕು, ಯಾಕೆಂದರೆ ಒಬ್ಬರ ಗುಂಡಿಯಿಂದ ಉಳಿಯುವುದು ಹತ್ತು ಜನರ ಹಣ್ಣು, ಆ ಒಬ್ಬರೇ ಖರ್ಚು ಹಾಕಿಕೊಳ್ಳಲಿ ಅಂದರೆ ಯಾರೂ ಹಾಕುವುದಿಲ್ಲ. ಗುತ್ತಿಗೆ ಪತ್ರದಲ್ಲಿ ಒಂದು ಸಾಲು ಸೇರಬೇಕು: ಕೊಯ್ಲು ಮುಗಿಸಿ ಹೋಗುವಾಗ ಮರದಡಿ ಹಣ್ಣು ಉಳಿದಿದ್ದರೆ ಮುಂಗಡದಲ್ಲಿ ಇಷ್ಟು ಹಿಡಿದುಕೊಳ್ಳಲಾಗುವುದು ಅಂತ. ಈಗ ನಡೆಯುವ ಎಷ್ಟೋ ಗುತ್ತಿಗೆಗಳು ಬರೀ ಬಾಯಿಮಾತಿನವು, ಪತ್ರವೇ ಇರುವುದಿಲ್ಲ, ಸಾಲು ಎಲ್ಲಿಂದ ಸೇರಿಸುವುದು ಅಂತ ರೈತರು ಕೇಳಬಹುದು. ಆ ಪ್ರಶ್ನೆ ಸರಿ. ಹಾಗಾದರೆ ಮೊದಲು ಪತ್ರ ಬರೆಸಿಕೊಳ್ಳಿ, ಹೂ ಬಿಡುವ ಡಿಸೆಂಬರ್ ಜನವರಿಗೆ ಮುಂಚೆ.